ತೋಳವಿಲ್ಲದ ಗುಡ್ಡದಲ್ಲಿ ಕಾವಲು

ನಾನು ಕುರಿಹಟ್ಟಿಯ ನಾಯಿ. ಮೈಯೆಲ್ಲ ಕಪ್ಪು, ಎದೆಯ ಮೇಲೆ ಮಾತ್ರ ಅಂಗೈಯಗಲ ಬಿಳಿ. ಹುಟ್ಟಿದ್ದು ಯಾರ ಮನೆಯಲ್ಲೂ ಅಲ್ಲ, ಕುರುಚಲು ಗುಡ್ಡದ ಇಳಿಜಾರಿನ ಒಂದು ಬಂದರಿಕೆ ಗಿಡದ ಬುಡದಲ್ಲಿ. ಕಣ್ಣು ಬಿಡುವ ಮೊದಲೇ ಮೂಗು ಕೆಲಸ ಶುರು ಮಾಡಿತ್ತು. ಮೊದಲು ತಿಳಿದದ್ದು ಅವ್ವನ ಹಾಲಿನ ವಾಸನೆ, ಆಮೇಲೆ ಕುರಿಯ ಉಣ್ಣೆಯದು. ಇನ್ನೊಂದು ವಾಸನೆ ಸಂಜೆ ಹೊತ್ತಿಗೆ ಗುಡ್ಡದ ತಲೆಯಿಂದ ಗಾಳಿಯ ಜೊತೆ ಇಳಿದು ಬರುತ್ತಿತ್ತು. ಅದು ಬಂದಾಗಲೆಲ್ಲ ಅವ್ವ ನಮ್ಮನ್ನು ಕೊಡವಿಕೊಂಡು ಎದ್ದು ನಿಲ್ಲುತ್ತಿದ್ದಳು. ಅದು ತೋಳದ ವಾಸನೆ.

ನಮ್ಮ ಧಣಿ ಕುರುಬರ ಅಮೋಗಿ. ನನಗೆ ಮೊದಲು ಪರಿಚಯವಾದದ್ದು ಅವನ ಟೈರಿನ ಚಪ್ಪಲಿ, ನಂತರ ಕಂಬಳಿಯ ಅಂಚು. ಮುಖ ಕಂಡದ್ದು ಬಹಳ ದಿನಗಳ ಮೇಲೆ. ಅವನ ಹೆಂಡತಿ ಕೆಂಚವ್ವ ನನಗೆ ಕರೆವ್ವ ಎಂದು ಹೆಸರಿಟ್ಟಳು. ನಾನು ಬೆಳೆದ ಮೇಲೆ ಅಮೋಗಿ ಕಬ್ಬಿಣದ ಮುಳ್ಳಿನ ಪಟ್ಟಿಯೊಂದನ್ನು ನನ್ನ ಕೊರಳಿಗೆ ಕಟ್ಟಿದ. ತೋಳ ನಾಯಿಯ ಕುತ್ತಿಗೆಗೇ ಬಾಯಿ ಹಾಕುತ್ತದೆ, ಅದಕ್ಕೆ.

“ತ್ವಾಳ ಬಂದ್ರ ಬೊಗಳು. ಬೆನ್ನು ಹತ್ತಬ್ಯಾಡ. ತಿಳೀತಿಲ್ಲೊ?” ಎಂದ.

ತಿಳಿಯಿತು. ಬಹಳ ದಿನ ನನಗೆ ಸ್ಪಷ್ಟವಾಗಿ ತಿಳಿದಿದ್ದ ಸಂಗತಿ ಅದೊಂದೇ.

ಮೊದಲ ಸಲ ತೋಳ ಬಂದದ್ದು ಹೊತ್ತು ಮುಳುಗುವಾಗ. ಹಿಂಡಿನ ಹಿಂದೆ ಕುಂಟುತ್ತಿದ್ದ ಒಂದು ಮುದಿ ಕುರಿಯನ್ನು ಹಿಡಿದು ಎಳೆಯಿತು. ನಾನೂ ಅವ್ವನೂ ಬೊಗಳುತ್ತ ಓಡಿದೆವು. ಅಮೋಗಿ ಕೂಗು ಹಾಕಿದ, ಕಲ್ಲು ಬೀಸಿದ, ಆದರೆ ಕುರಿ ಹೋಗಿಯೇ ಬಿಟ್ಟಿತು. ಕೆಂಚವ್ವ ಬೈಯತೊಡಗಿದಾಗ ಅವನು ಹೇಳಿದ:

“ಹೋಗ್ಲಿ ಬಿಡು. ಅದು ಕೆಮ್ಮಾಕತ್ತಿತ್ತು, ನಾಕು ದಿನ ಇದ್ರ ಉಳದವಕ್ಕೂ ಹಚ್ಚತಿತ್ತು. ಈ ಗುಡ್ಡದಾಗ ಅವಕ್ಕೂ ಪಾಲೈತಿ.”

ನಾನು ಅವನ ಮುಖವನ್ನೇ ನೋಡಿದೆ. ಪಾಲಿದ್ದರೆ ನಾನು ಬೊಗಳುವುದು ಏಕೆ? ಬೊಗಳಬೇಕೆಂದರೆ ಪಾಲು ಹೇಗೆ?

ಬೇಸಿಗೆಯಲ್ಲಿ ಇನ್ನೊಂದು ಗೊಂದಲ. ಹಳ್ಳದ ದಂಡೆಯ ಗವಿಯಲ್ಲಿ ತೋಳದ ಮರಿಗಳನ್ನು ಮೂಸಿ ಹಿಡಿದವಳು ನಾನೇ. ಗುರುಗುಟ್ಟುತ್ತ ಅಮೋಗಿಯನ್ನು ಕರೆತಂದೆ. ಅವನು ಬಗ್ಗಿ ನೋಡಿದ. ಒಳಗೆ ನಾಲ್ಕಾರು ಕಂದು ಉಂಡೆಗಳು ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದವು. ಬಡಿಗೆ ಎತ್ತುತ್ತಾನೆಂದು ನಾನು ಕಾದೆ. ಅವನು ನನ್ನ ಪಟ್ಟಿ ಹಿಡಿದು ಹಿಂದಕ್ಕೆಳೆದುಕೊಂಡ. ಮಳೆ ಬೀಳುವ ತನಕ ಹಿಂಡನ್ನು ಆ ಕಡೆ ಹೊಡೆಯಲೇ ಇಲ್ಲ.

ಆಗ ನಮ್ಮ ಬದುಕು ಬಂಡಿಯ ಗಾಲಿಯಂತೆ ಸುತ್ತುತ್ತಿತ್ತು. ಮಳೆಗಾಲದಲ್ಲಿ ಗುಡ್ಡದ ಹುಲ್ಲು, ಸುಗ್ಗಿ ಮುಗಿದ ಮೇಲೆ ಕೆಳಗಿನ ಊರಿನ ಹೊಲಗಳು. ಹೊಲದೊಡೆಯ ಶಂಕ್ರಗೌಡರು ತಾವೇ ಬಂದು ಕರೆಯುತ್ತಿದ್ದರು. ಕುರಿ ನಿಂತ ಹೊಲದಲ್ಲಿ ಮರುವರ್ಷ ಶೇಂಗಾ ಬಳ್ಳಿ ಕಪ್ಪಗೆ ಹಬ್ಬುತ್ತದೆ ಎನ್ನುತ್ತಿದ್ದರು. ಹಿಕ್ಕೆ ಹೊಲಕ್ಕೆ, ಕಾಳುಕಡಿ ನಮಗೆ. ನನಗೂ ದಿನಾ ರೊಟ್ಟಿ.

ಕೆಂಚವ್ವನ ತಮ್ಮ ಹಾಲಪ್ಪ ನಮ್ಮ ಜೊತೆ ಸೇರಿಕೊಂಡದ್ದು ಆಮೇಲೆ. ಹೊಸದಾಗಿ ಹಿಂಡು ಕಟ್ಟಿದ್ದ. ತನ್ನ ಮರಿಗಳನ್ನು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದ. ಜಿಟಿಜಿಟಿ ಮಳೆಯ ಒಂದು ಬೆಳಗು, ಎಲ್ಲರೂ ಹಿಂಡಿನ ಜೊತೆ ಮೇಲೆ ಹೋಗಿದ್ದಾಗ, ತೋಳಗಳು ಮರಿಗಳ ಬಲೆಯ ಗೂಡಿಗೆ ನುಗ್ಗಿದವು. ನಾವು ಓಡಿ ಬರುವಷ್ಟರಲ್ಲಿ ಹಾಲಪ್ಪನ ಮರಿಗಳಲ್ಲಿ ಉಳಿದದ್ದು ಬೆರಳೆಣಿಕೆ. ಅವನು ಸತ್ತ ಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೆಸರಿನಲ್ಲಿ ಕೂತುಬಿಟ್ಟ.

“ಪಾಲು ಅಂತೀಯಲ್ಲ ಮಾವ, ಇದೂ ಪಾಲೇನು? ನನ್ನ ಮುಖ ನೋಡಿ ಹೇಳು,” ಎಂದ.

ಅಮೋಗಿ ಅವನ ಮುಖ ನೋಡಲಿಲ್ಲ. ಬಗ್ಗಿ ಉಳಿದ ಮರಿಗಳನ್ನು ಕಂಬಳಿಗೆ ಸುತ್ತಿಕೊಳ್ಳತೊಡಗಿದ.

ಮರುದಿನ ಹಾಲಪ್ಪ ಊರಿನಿಂದ ಒಂದು ಬಾಟಲಿ ತಂದ. ಹತ್ತಿಯ ಹುಳಕ್ಕೆ ಹೊಡೆಯುವ ವಿಷದ ಎಣ್ಣೆ. ಅದರ ವಾಸನೆಗೆ ನನ್ನ ಮೂಗು ಉರಿಯಿತು. ಸತ್ತ ಮರಿಗಳ ಹೊಟ್ಟೆ ಸೀಳಿ ಅದನ್ನು ಸುರಿದು, ಹಳ್ಳದ ಉದ್ದಕ್ಕೂ ಇಟ್ಟು ಬಂದ. ಅಮೋಗಿ ನೋಡುತ್ತ ನಿಂತಿದ್ದ.

ಎರಡೇ ದಿನದಲ್ಲಿ ಗುಡ್ಡದ ವಾಸನೆ ಬದಲಾಯಿತು. ತೋಳಗಳು ಹಳ್ಳದ ನೀರಿನ ಹತ್ತಿರ ಬಿದ್ದಿದ್ದವು. ಒಂದು ನರಿ, ಎರಡು ಹದ್ದು, ಒಂದಿಷ್ಟು ಕಾಗೆ. ಅವುಗಳ ನಡುವೆ ನನ್ನ ಅವ್ವ. ನೆಕ್ಕಿದರೆ ಏಳುತ್ತಾಳೆಂದು ಹತ್ತಿರ ಹೋದೆ. ಕೆಂಚವ್ವ ಓಡಿಬಂದು ನನ್ನ ನಡು ಹಿಡಿದು ಹಿಂದಕ್ಕೆಳೆದುಕೊಂಡಳು.

“ಬ್ಯಾಡವ್ವಾ ಕರೆವ್ವಾ, ಬಾಯಿ ಹಚ್ಚಬ್ಯಾಡ. ಯಪ್ಪಾ ಹಾಲಪ್ಪ, ಏನು ಮಾಡಿಬಿಟ್ಟಿ!”

ಹಾಲಪ್ಪನೇ ಗುಂಡಿ ತೋಡಿ ಅವ್ವನನ್ನು ಮುಚ್ಚಿದ. ಆಗ ಅವನೂ ಅಳುತ್ತಿದ್ದ. ತೋಳ ಸತ್ತಾಗ ನಗಬೇಕಿದ್ದವನು ಅಳುವುದೇಕೆಂದು ನನಗೆ ಅರ್ಥವಾಗಲಿಲ್ಲ. ನನಗಂತೂ ಬೊಗಳಬೇಕೋ ಬೇಡವೋ ಎಂಬುದೇ ಗೊತ್ತಾಗಲಿಲ್ಲ. ಶತ್ರುವೂ ಅವ್ವನೂ ಒಂದೇ ವಾಸನೆ ಹೊಡೆಯುತ್ತಿದ್ದರು.

ಅದಾದ ಮೇಲೆ ಗುಡ್ಡ ತಣ್ಣಗಾಯಿತು. ಸಂಜೆ ಗಾಳಿಗೆ ನಾನು ಮೂಗೆತ್ತಿದರೆ ಹುಲ್ಲಿನ ಪರಿಮಳ ಬಿಟ್ಟರೆ ಏನಿಲ್ಲ. ಇನ್ನೇಕೆ ಈ ಭಾರ ಎಂದು ಅಮೋಗಿ ನನ್ನ ಕೊರಳಿನ ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿದ. ಕುತ್ತಿಗೆ ಹಗುರಾಯಿತು, ಆದರೆ ಮಲಗಿದರೂ ನಿದ್ದೆ ಬಾರದು. ಕಾಯಲು ಏನೂ ಇಲ್ಲದ ಕಾವಲುಗಾರ್ತಿ ಏನು ಮಾಡಬೇಕು? ಊಟ ಮಾತ್ರ ಎಂದಿನಂತೆ ಬರುತ್ತಿತ್ತು. ತಿನ್ನಲು ನಾಚಿಕೆಯಾಗುತ್ತಿತ್ತು.

ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಕಾಡುಹಂದಿಗಳು ಹೆಚ್ಚಿದವು. ಹಂದಿಮರಿಗಳನ್ನು ಹಿಡಿಯಲು ತೋಳವಿಲ್ಲದೆ, ಅವು ಹಿಂಡುಹಿಂಡಾಗಿ ಹೊಲಕ್ಕಿಳಿದು ಶೇಂಗಾ ಬುಡ ಕಿತ್ತು ಹಾಕಿದವು. ಶಂಕ್ರಗೌಡರು ಹೊಲದ ಸುತ್ತ ತಂತಿ ಬೇಲಿ ಬಿಗಿದರು. ಅವರನ್ನು ನೋಡಿ ಅಕ್ಕಪಕ್ಕದವರೂ ಬಿಗಿದರು. ಸುಗ್ಗಿ ಮುಗಿದು ನಾವು ಕೆಳಗಿಳಿದಾಗ ದಾರಿಯೇ ಇರಲಿಲ್ಲ.

“ಗೌಡ್ರ, ಕುರಿ ನಿಲ್ಲಸೂದಿಲ್ಲೇನ್ರಿ?” ಎಂದು ಅಮೋಗಿ ಬೇಲಿಯಾಚೆಯಿಂದ ಕೇಳಿದ.

“ಎಲ್ಲಿ ನಿಲ್ಲಸ್ತಿ ಅಮೋಗಿ? ತಂತಿ ಬಿಚ್ಚಿದ್ರ ಹಿಂಗಾರಿ ಕಡ್ಲೀನೂ ಹಂದಿ ಪಾಲು. ಏನಾಗೇತೊ ಈ ಗುಡ್ಡಕ್ಕ, ಮೊದಲ ಇಷ್ಟು ಹಂದಿ ಇದ್ದಿಲ್ಲ,” ಎಂದರು ಗೌಡರು.

ಹಾಲಪ್ಪ ತಲೆ ಬಗ್ಗಿಸಿ ನೆಲ ಕೆರೆಯುತ್ತ ನಿಂತ.

ತಿರುಗಿ ಗುಡ್ಡಕ್ಕೇ ಹೋದೆವು. ಬಿಡುವಿಲ್ಲದೆ ಮೇಯ್ದು ಹುಲ್ಲು ನೆಲ ಕಚ್ಚಿತ್ತು. ಕೆಮ್ಮುವ ಕುರಿಗಳು ಹಿಂಡಿನಲ್ಲೇ ಉಳಿದು ಉಳಿದವಕ್ಕೂ ಕೆಮ್ಮು ಹತ್ತಿತು. ಆ ಹೊತ್ತಿಗೇ ಗುಡ್ಡದಲ್ಲಿ ಹೊಸ ವಾಸನೆಯೊಂದು ಬಂತು. ಅದು ನನ್ನದೇ ವಾಸನೆ.

ರಸ್ತೆಯ ಪಕ್ಕ ಒಂದು ಕೋಳಿ ಫಾರಂ ಆಗಿತ್ತು. ಸತ್ತ ಕೋಳಿಗಳನ್ನು ತಗ್ಗಿನಲ್ಲಿ ಎಸೆಯುತ್ತಿದ್ದರು. ಅಲ್ಲಿ ತಿಂದು ಬೆಳೆದ ಬೀದಿ ನಾಯಿಗಳು ತೋಳವಿಲ್ಲದ ಗುಡ್ಡಕ್ಕೆ ನಿರ್ಭಯವಾಗಿ ಹತ್ತಿ ಬಂದವು. ಅವುಗಳನ್ನು ಮೊದಲು ಕಂಡಾಗ ನಾನು ಬೊಗಳಲೇ ಇಲ್ಲ. ಒಂದು ಕೆಂದ ನಾಯಿ ಬಾಲ ಅಲ್ಲಾಡಿಸಿತು. ನಾನೂ ಅಲ್ಲಾಡಿಸಿದೆ. ನಾಯಿ ಕಂಡರೆ ಬೊಗಳೆಂದು ನನಗೆ ಯಾರೂ ಕಲಿಸಿರಲಿಲ್ಲ.

ಕೆಲವು ದಿನಗಳ ಮೇಲೆ ಮಟಮಟ ಮಧ್ಯಾಹ್ನ ಅವು ಹಿಂಡಿನ ಮೇಲೆ ಬಿದ್ದವು. ತೋಳ ಒಂದನ್ನು ಎಳೆದುಕೊಂಡು ಹೋಗುತ್ತಿತ್ತು. ಇವು ಯಾವುದನ್ನೂ ಒಯ್ಯಲಿಲ್ಲ. ಒಂದನ್ನು ಕಚ್ಚಿ ಬಿಟ್ಟು ಮತ್ತೊಂದಕ್ಕೆ ಹಾರುತ್ತಿದ್ದವು. ನಾನು ಆ ಕೆಂದ ನಾಯಿಯ ಕಿವಿ ಹಿಡಿದೆ. ನಾವಿಬ್ಬರೂ ಉರುಳಾಡಿದೆವು. ಧೂಳು, ಉಣ್ಣೆ, ರಕ್ತ. ಯಾರ ಮೈ ಯಾವುದೆಂದು ತಿಳಿಯದು. ಅಮೋಗಿಯ ಟೈರಿನ ಚಪ್ಪಲಿ ಓಡಿಬಂದು ನಿಂತದ್ದು ಕಂಡು, ಬಂದನಲ್ಲ ಎಂದು ಸಂತೋಷಪಟ್ಟೆ. ಬಡಿಗೆ ನನ್ನ ಹಿಂಗಾಲಿನ ಮೇಲೆ ಬಿತ್ತು. ಇನ್ನೊಮ್ಮೆ ಎತ್ತಿದ.

“ಮಾವ! ಅದು ನಮ್ಮ ಕರೆವ್ವ!” ಎಂದು ಹಾಲಪ್ಪ ಅವನ ಕೈ ಹಿಡಿದ.

ಅಮೋಗಿ ಬಡಿಗೆ ಎಸೆದು ನನ್ನ ಪಕ್ಕ ಕುಸಿದ. “ನೀನೇನವ್ವಾ? ಕೊರಳಾಗ ಪಟ್ಟಿ ಇಲ್ಲಲ್ಲವ್ವಾ... ನನಗ ತಿಳೀಲಿಲ್ಲ, ಎಲ್ಲಾ ಒಂದಽ ಥರ ಕಂಡೂವು,” ಎಂದು ನನ್ನ ತಲೆಯನ್ನು ಕಂಬಳಿಯಲ್ಲಿ ಒತ್ತಿಕೊಂಡ. ನೋವಿಗಿಂತ ಹೆಚ್ಚಾಗಿ ನನಗೊಂದು ಅನುಮಾನ ಕಾಡಿತು. ಹೌದೇ, ನಾವೆಲ್ಲ ಒಂದೇ ಥರವೇ?

ಕಾಲು ಕೂಡಿತು, ಆದರೆ ಸೊಟ್ಟಗೆ. ಗುಡ್ಡದಲ್ಲಿ ಹುಲ್ಲಿಲ್ಲದೆ, ಹೊಲಗಳಲ್ಲಿ ದಾರಿಯಿಲ್ಲದೆ ಹಿಂಡು ನದಿಯಾಚೆ ದೂರ ಹೋಗಬೇಕಾಯಿತು. ನನ್ನಿಂದ ಅಷ್ಟು ನಡೆಯಲಾಗದು. ಕೆಂಚವ್ವ ಒಂದು ಹಳೆಯ ಕಂಬಳಿ ತುಂಡಿನ ಜೊತೆ ನನ್ನನ್ನು ಶಂಕ್ರಗೌಡರ ಹೊಲದ ಪಂಪಿನ ಮನೆಯಲ್ಲಿ ಬಿಟ್ಟಳು. ಹೋಗುವಾಗ ತಿರುಗಿ ನೋಡಲಿಲ್ಲ. ಸೆರಗು ಮುಖದ ಮೇಲಿತ್ತು.

ಗೌಡರು ಒಳ್ಳೆಯವರು. ಹಂದಿ ಬಂದರೆ ಬೊಗಳು ಎಂದರು. ಬೊಗಳುತ್ತೇನೆ. ಹಂದಿಗಳು ತಂತಿಯ ಕೆಳಗೆ ನುಸುಳಿ ಬಂದು, ನನ್ನ ಕುಂಟು ಕಾಲು ನೋಡಿ, ತಿನ್ನುವುದನ್ನು ಮುಂದುವರಿಸುತ್ತವೆ. ಹೀಗೇ ಮುಪ್ಪು ಬಂತು. ಒಂದು ಕಣ್ಣಿಗೆ ಪೊರೆ ಬಂದಿದೆ. ಮೂಗು ಮಾತ್ರ ಇನ್ನೂ ನನ್ನದು.

ಈಚೆಗೆ ಹಾಲಪ್ಪ ಬಂದಿದ್ದ. ಅವನ ಕೂದಲೂ ನೆರೆತಿದೆ. ಬೆಳಿಗ್ಗೆ ಗೌಡರ ಜೊತೆ ಬದುವಿನ ಮೇಲೆ ಕೂತು ರೊಟ್ಟಿ ಬಿಚ್ಚಿದ್ದ. ಗಾಳಿ ತಿರುಗಿತು. ನನ್ನ ಬೆನ್ನ ಮೇಲಿನ ಕೂದಲೆಲ್ಲ ನೆಟ್ಟಗಾದವು. ಬೇಲಿಯಾಚೆ, ಹಂದಿಗಳು ನುಸುಳುವ ಜಾಗದಲ್ಲಿ, ಒಂದು ಬಡಕಲು ತೋಳ ಬಗ್ಗಿ ನಿಂತಿತ್ತು. ಎಲ್ಲಿಂದ ಬಂತೋ, ಯಾವ ಗುಡ್ಡ ದಾಟಿ ಬಂತೋ.

“ಗೌಡ್ರ, ಅಲ್ಲಿ...” ಎಂದ ಹಾಲಪ್ಪ ಮೆಲ್ಲಗೆ. ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಹಾಲಪ್ಪ ನನ್ನ ಕಡೆ ಕೈ ಚಾಚಿ, “ಸುಮ್ನಿರವ್ವಾ ಕರೆವ್ವಾ, ಸುಮ್ನಿರು. ಬೊಗಳಬ್ಯಾಡ,” ಎಂದು ಬೇಡಿಕೊಂಡ.

ನನಗೆ ಆ ಮಾತು ಗೊತ್ತಿಲ್ಲ. ತೋಳ ಕಂಡಾಗ ಸುಮ್ಮನಿರೆಂದು ಯಾರೂ ಯಾವತ್ತೂ ಹೇಳಿರಲಿಲ್ಲ. ಅವನ ಮುಖ ನೋಡಿದೆ, ತೋಳವನ್ನು ನೋಡಿದೆ. ಗಂಟಲು ತನ್ನ ಪಾಡಿಗೆ ತಾನು ಬೊಗಳಿಬಿಟ್ಟಿತು. ತೋಳ ತಲೆಯೆತ್ತಿ ಒಂದು ಗಳಿಗೆ ನನ್ನನ್ನೇ ದಿಟ್ಟಿಸಿ, ಗುಡ್ಡದ ಕಡೆ ನಡೆದುಹೋಯಿತು.

“ಓಡಿಸಿಬಿಟ್ಟೆಲ್ಲಽ...” ಎಂದು ಹಾಲಪ್ಪ ಎದ್ದು ಬೇಲಿಯ ತನಕ ನಡೆದು ಇಣುಕಿದ. ಆಮೇಲೆ ಹತ್ತಿರ ಬಂದು ಅರ್ಧ ರೊಟ್ಟಿ ಮುರಿದು ನನ್ನ ಮುಂದಿಟ್ಟ, ತಲೆ ಸವರಿದ. ಅದು ನಾನು ಮಾಡಿದ ಕೆಲಸಕ್ಕೆ ಕೊಟ್ಟ ರೊಟ್ಟಿಯೋ, ಕ್ಷಮಿಸಿ ಕೊಟ್ಟದ್ದೋ ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಕ್ಕಿಲ್ಲ. ಗುಡ್ಡದ ಕಡೆ ಮುಖ ಮಾಡಿ ಮಲಗಿ, ನಿಧಾನವಾಗಿ ತಿಂದೆ.