ಕೆನ್ನೆಯ ಮೇಲಿನ ಗುಳ್ಳೆ

ಕುಸ್ತಿಯ ಹಿಂದಿನ ದಿನ ಸಿದ್ಧಾರೂಢನ ತುಟಿಯ ಬಾಜು, ಕೆನ್ನೆಯ ಮೇಲೆ, ನೀರುಗುಳ್ಳೆಗಳು ಗುಂಪಾಗಿ ಎದ್ದವು. ಅವನಿಗದು ಹೊಸದಲ್ಲ. ಮೈ ದಣಿದಾಗ, ಜ್ವರ ಬಂದಾಗ ಅದೇ ಜಾಗದಲ್ಲಿ ಏಳುತ್ತಿದ್ದವು, ತಾವಾಗಿಯೇ ಒಣಗುತ್ತಿದ್ದವು. ಆದರೆ ಮೈಮೇಲೆ ಗಾಯ, ಗುಳ್ಳೆ ಇದ್ದವರು ಅಖಾಡಕ್ಕೆ ಇಳಿಯಬಾರದೆಂದು ಗುಡಗೇರಿಯ ಗರಡಿಯ ಉಸ್ತಾದ ಶಂಭುಲಿಂಗಪ್ಪ ಕಟ್ಟುನಿಟ್ಟಾಗಿ ಹೇಳಿದ್ದರು. ಸಿದ್ಧಾರೂಢ ಕೆನ್ನೆಗೆ ಕೆಂಪು ಮಣ್ಣು ಮೆತ್ತಿಕೊಂಡು ಇಳಿದ.

ಎದುರಾಳಿ ತಿರ್ಲಾಪುರದ ಸುದೀಪ, ಅವನ ಗೆಳೆಯ. ಇಬ್ಬರೂ ಮುಖಕ್ಕೆ ಮುಖ ಉಜ್ಜಿ ಬಹಳ ಹೊತ್ತು ಹಿಡಿದಾಡಿದರು. ಗೆದ್ದ ಸಿದ್ಧಾರೂಢನಿಗೆ ಬೆಳ್ಳಿ ಕಡಗ ತೊಡಿಸಿದರು.

ಕೆಲವು ದಿನಗಳ ನಂತರ ಸುದೀಪ ಫೋನ್ ಮಾಡಿದ. "ಕಣ್ಣು ಅಗದಿ ಕೆಂಪಾಗೇತಿ ಲೇ. ಅಖಾಡದ ಮಣ್ಣು ಹೋಗಿರಬೇಕು. ಔಷಧ ಅಂಗಡ್ಯಾಗ ಡ್ರಾಪ್ಸ್ ಕೊಟ್ಟಾರ, ಹಾಕ್ಕೊಳ್ಳಾಕತ್ತೇನಿ."

ಆಗ ಸಿದ್ಧಾರೂಢನಿಗೆ ಏನೂ ಹೊಳೆಯಲಿಲ್ಲ. ಕುಸ್ತಿಯಲ್ಲಿ ಉಜ್ಜಿ ಒಡೆದುಹೋದ ಗುಳ್ಳೆಗಳು ಈ ಸಲ ಒಣಗದಿದ್ದಾಗ ಹುಬ್ಬಳ್ಳಿಯ ಚರ್ಮದ ಡಾಕ್ಟರ್ ಮಹಾಲಕ್ಷ್ಮಿಯವರ ಹತ್ತಿರ ಹೋದ.

"ಇದು ಹರ್ಪಿಸ್ ಅನ್ನೂ ವೈರಸ್ ರೀ," ಅಂದರು ಡಾಕ್ಟರ್. "ಒಮ್ಮೆ ಬಂತಂದ್ರ ನರದಾಗ ಮಲಗಿರತೈತಿ, ಆಗಾಗ ಏಳತೈತಿ. ಉರಿ ಶುರುವಾದ ಕೂಡಲೇ ಗುಳಿಗಿ ತಗೊಂಡ್ರ ಲಗೂ ಒಣಗತೈತಿ. ಗುಳ್ಳಿ ಇದ್ದಾಗ ಮಾತ್ರ ಯಾರಿಗೂ ಮುಖ ತಾಗಸಬ್ಯಾಡ್ರಿ. ಅದನ್ನ ಮುಟ್ಟಿದ ಕೈ ಕಣ್ಣಿಗೆ ಹಚ್ಚಬ್ಯಾಡ್ರಿ."

"ಕಣ್ಣಿಗೆ ಹೋದ್ರ ಏನಾಕ್ಕೈತ್ರಿ?"

"ಕಣ್ಣಾಗ ಹುಣ್ಣಾಕ್ಕೈತಿ. ಸ್ಟೆರಾಯ್ಡ್ ಇರೂ ಡ್ರಾಪ್ಸ್ ಡಾಕ್ಟರನ್ನ ಕೇಳದ ತಂದು ಹಾಕ್ಕೊಂಡ್ರಂತೂ ಹುಣ್ಣು ಆಳಕ್ಕಿಳೀತೈತಿ, ದೃಷ್ಟಿನ ಹೋಗಬಹುದು. ಯಾಕ, ಯಾರಿಗರ ಆಗೇತೇನು?"

"ಇಲ್ರಿ," ಅಂದುಬಿಟ್ಟ. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ನಿಂತ. ತನ್ನೂರು ಗುಡಗೇರಿಯ ಬಸ್ಸು ಬಂತು, ಹೋಯಿತು. ಮುಖಕ್ಕೆ ಟವೆಲ್ ಸುತ್ತಿಕೊಂಡು ತಿರ್ಲಾಪುರದ ಕಡೆಯ ಬಸ್ಸು ಹತ್ತಿದ.

ಸುದೀಪ ಬಾಗಿಲು ಮುಚ್ಚಿದ ಖೋಲಿಯಲ್ಲಿ ಒಂದು ಕಣ್ಣಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದ. ಬೆಳಕು ಚುಚ್ಚುತ್ತಿತ್ತಂತೆ. "ಗೆದ್ದ ಪೈಲ್ವಾನ ನಮ್ಮನೀಗೆ ಬಂದಾನ," ಎಂದು ಅವನ ತಾಯಿ ದುಂಡವ್ವ ಪ್ರೀತಿಯಿಂದ ಚಹಾ ತಂದಿಟ್ಟಳು. ಸಿದ್ಧಾರೂಢನಿಗೆ ಕಪ್ಪು ಮುಟ್ಟಲಾಗಲಿಲ್ಲ.

"ನನ್ನ ಕೆನ್ನಿ ಮ್ಯಾಲೆ ಗುಳ್ಳಿ ಇದ್ದವು. ಅದು ಒಬ್ಬರಿಂದ ಒಬ್ಬರಿಗೆ ಹತ್ತೂ ರೋಗ. ನನ್ನಿಂದನ ನಿನ್ನ ಕಣ್ಣಿಗೆ ಬಂದಿರಬೇಕು. ಆ ಡ್ರಾಪ್ಸ್ ಹಾಕ್ಕೋಬ್ಯಾಡಲೇ. ಈಗಿಂದೀಗ ಕಣ್ಣಿನ ದವಾಖಾನಿಗೆ ಹೋಗೂಣು, ಏಳು."

ಸುದೀಪ ಬಟ್ಟೆ ತೆಗೆದು ಅವನನ್ನೇ ನೋಡಿದ. "ಮಣ್ಣು ಹಚ್ಚಿಕೊಂಡಿದ್ದು ಅದನ್ನ ಮುಚ್ಚಾಕನಾ?"



"ಗುಳ್ಳಿ ಇಟ್ಟುಕೊಂಡು ಇಳದ್ಯಾ?" ದುಂಡವ್ವನ ದನಿ ಬದಲಾಗಿತ್ತು.

"ಹೌದ್ರಿ ಕಾಕಿ. ಕಣ್ಣಿಗೆ ಹೋಗತೈತಿ ಅಂತ ಗೊತ್ತಿರಲಿಲ್ಲ. ಆದ್ರ ಇಳೀಬಾರ್ದು ಅಂತ ಗೊತ್ತಿತ್ತು."

ಅಂದೇ ಹುಬ್ಬಳ್ಳಿಯ ಕಣ್ಣಿನ ಡಾಕ್ಟರ್ ಪರೀಕ್ಷಿಸಿ, ಅದೇ ವೈರಸ್ಸಿನ ಹುಣ್ಣೆಂದು ಹೇಳಿ, ಅಂಗಡಿಯ ಡ್ರಾಪ್ಸ್ ನಿಲ್ಲಿಸಿ ಬೇರೆ ಔಷಧ ಶುರು ಮಾಡಿದರು. ಕಣ್ಣು ಉಳಿಯಿತು. ಒಂದು ಮೂಲೆಯಲ್ಲಿ ಮಾತ್ರ ಮಂಜು ಕವಿದಂತೆ ಸಣ್ಣ ಕಲೆ ನಿಂತಿತು.

ಸಿದ್ಧಾರೂಢ ಗರಡಿಯಲ್ಲಿ ಎಲ್ಲರೆದುರು ನಡೆದದ್ದನ್ನು ಹೇಳಿದ. ಉಸ್ತಾದರು ಬೈಯಲಿಲ್ಲ, ಮುಖ ತಿರುಗಿಸಿ ಕೂತರು. ಸುದೀಪ ಈಗಲೂ ಫೋನ್ ಮಾಡುತ್ತಾನೆ, ನಗುತ್ತಾನೆ. ದುಂಡವ್ವ ಮಾತ್ರ ಸಿದ್ಧಾರೂಢನೊಂದಿಗೆ ಮಾತಾಡುವುದಿಲ್ಲ. ಅದು ಸರಿಯೆಂದೇ ಅವನಿಗೆ ಅನ್ನಿಸುತ್ತದೆ.