ಧೈರ್ಯದ ಪೆಟ್ಟಿಗೆ

ಆ ಹೈಸ್ಕೂಲಿನ ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಗುಮಾಸ್ತೆಯಾಗಿದ್ದವಳಿಗೆ ಮಕ್ಕಳಿಟ್ಟ ಹೆಸರು ಸೀಲಮ್ಮ. ಯಾವ ಕಾಗದ ಬಂದರೂ ಮೇಜು ನಡುಗುವಂತೆ ಸೀಲು ಕುಟ್ಟುತ್ತಿದ್ದಳು. "ಹೆಡ್‌ಮಾಸ್ಟರ ಬೋಳುತಲೆ ಅಂದ್ಕೊಂಡು ಕುಟ್ತೀನಪ್ಪ, ಕೈ ನೋಯೋದೇ ಇಲ್ಲ," ಎಂದು ಗಂಟೆ ಹೊಡೆಯುವ ಅಟೆಂಡರನ ಕಿವಿಯಲ್ಲಿ ಒಮ್ಮೆ ಹೇಳಿದ್ದುಂಟು.

ಹೆಡ್‌ಮಾಸ್ಟರರದು ಮೈಕು ಕಂಡರೆ ಮೈಮರೆಯುವ ಜಾತಿ. ವೇದಿಕೆಯ ಮೇಲೆ ಓದಬೇಕಾದದ್ದನ್ನು ವೇದಿಕೆಯ ಮೇಲೇ ಮೊದಲ ಸಲ ಓದುವುದು, ಸಹಿ ಹಾಕಬೇಕಾದದ್ದಕ್ಕೆ ಓದದೆಯೇ ಹಾಕುವುದು ಅವರ ಪದ್ಧತಿ. ಓದುವುದೆಲ್ಲ ಮಕ್ಕಳ ಕೆಲಸ ಎಂದು ಅವರು ತಿಳಿದಂತಿತ್ತು.

ಮೂರು ವರ್ಷದ ಹಿಂದೆ ಈ ಮಹಾನುಭಾವರಿಗೆ ಒಂದು ಯೋಚನೆ ಹೊಳೆಯಿತು. ಎಂಟನೇ ತರಗತಿಗೆ ಹೊಸದಾಗಿ ಬರುವ ಮಕ್ಕಳಿಗೆ ಭಯವಿರುತ್ತದಲ್ಲ, ಅದನ್ನು ಚೀಟಿಯಲ್ಲಿ ಬರೆದು, ಕೆಳಗೆ ಹೆಸರು ಹಾಕಿ, ಒಂದು ಮರದ ಪೆಟ್ಟಿಗೆಗೆ ಹಾಕಬೇಕು. ಪೆಟ್ಟಿಗೆಗೆ ನೀಲಿ ಬಣ್ಣ, ಮೇಲೆ ಬಿಳಿ ಅಕ್ಷರದಲ್ಲಿ 'ಧೈರ್ಯದ ಪೆಟ್ಟಿಗೆ', ಮುಂದೆ ಹಿತ್ತಾಳೆ ಬೀಗ. "ಪೆಟ್ಟಿಗೆಗೆ ಹೇಳಿದ್ದನ್ನ ಬೇರೆ ಯಾರಿಗೂ ಹೇಳಬಾರದು ಮಕ್ಕಳೇ! ಉತ್ತರ ಶಾಲೆಯೇ ಕೊಡುತ್ತೆ!" ಎಂದು ಮೈಕಿನಲ್ಲಿ ಅಪ್ಪಣೆಯಾಯಿತು. ಫೋಟೋ ತೆಗೆದರು. ಫೋಟೋ ನೋಡಿಯೇ ಮೇಲಿನವರು ಒಂದು ಪ್ರಶಸ್ತಿ ಕೊಟ್ಟರು. ಬೀಗದ ಕೈಯನ್ನು ಆ ಪ್ರಶಸ್ತಿಯ ಕಪ್ಪಿನೊಳಗೆ ಹಾಕಿ, ಕಪ್ಪನ್ನು ಗಾಜಿನ ಬೀರುವಿನಲ್ಲಿಟ್ಟು, ಪೆಟ್ಟಿಗೆಯನ್ನು ಸೀಲಮ್ಮನ ಮೇಜಿನ ಪಕ್ಕ ತಂದಿಟ್ಟರು. ವರ್ಷಕ್ಕೊಂದು ಸಲ ಹೊಸ ಮಕ್ಕಳ ಚೀಟಿ ಒಳಗೆ ಬೀಳುತ್ತಿತ್ತು. ಹೊರಗೆ ಬಂದದ್ದು ಮಾತ್ರ ಒಂದೂ ಇಲ್ಲ. ಪೆಟ್ಟಿಗೆ ಮಟ್ಟಸವಾಗಿ, ಎತ್ತರವೂ ಸರಿಯಾಗಿದ್ದುದರಿಂದ ಸೀಲಮ್ಮ ತನ್ನ ಊಟದ ಡಬ್ಬಿಯನ್ನು ದಿನಾ ಅದರ ಮೇಲೇ ಇಡುತ್ತಿದ್ದಳು.

ಈಗ ಆ ಮೊದಲ ತಂಡ ಹತ್ತನೇ ತರಗತಿ ಮುಗಿಸಿತ್ತು. ಶನಿವಾರ ಬೀಳ್ಕೊಡುಗೆ. ಬುಧವಾರ ಬೆಳಿಗ್ಗೆ ಹೆಡ್‌ಮಾಸ್ಟರರು ಕಪ್ಪನ್ನು ಬೋರಲು ಹಾಕಿ ಕುಲುಕಿ ಬೀಗದ ಕೈ ಕೆಳಗೆ ಬೀಳಿಸಿದರು.

"ತಗೊಳ್ಳಿ. ಮೊದಲನೇ ವರ್ಷದ್ದರಲ್ಲಿ ಚೆನ್ನಾಗಿರೋ ಚೀಟಿ ಹತ್ತು ಆರಿಸಿಡಿ. ಅತಿಥಿಗಳ ಮುಂದೆ ಓದ್ತೀನಿ. ಬರುವಾಗ ಹೇಗಿದ್ರು, ಹೋಗುವಾಗ ಹೇಗಾದ್ರು ಅಂತ ಜನ ನೋಡ್ಲಿ."

"ಚೆನ್ನಾಗಿರೋ ಭಯ ಅಂದ್ರೆ ಹೇಗಿರುತ್ತೆ ಸಾರ್?"

"ಕಣ್ಣಲ್ಲಿ ನೀರು ಬರ್ಬೇಕು. ದೂರು ಗೀರು ಇರ್ಬಾರ್ದು. ಆಮೇಲೆ, ಶಾಲೆ ಬಿಡೋ ಸರ್ಟಿಫಿಕೇಟು ಎಲ್ಲಾ ಬರೆದಾಯ್ತಾ?"

"ಒಂದು ಉಳಿದಿದೆ ಸಾರ್. ನಲವತ್ತೊಂದನೇ ನಂಬರಿನ ಹುಡುಗಿದು. ನಡತೆ ಅನ್ನೋ ಕಡೆ ಏನು ಬರೀಲಿ?"

"ಅದೇ, ಎರಡು ಸಲ ಪಕ್ಕದವಳ ಪೇಪರ್ ಇಣುಕಿ ಸಿಕ್ಕಿಬಿದ್ದೋಳು ತಾನೇ? 'ನಕಲು ಮಾಡುವ ಅಭ್ಯಾಸವಿದೆ' ಅಂತ ಬರೀರಿ."

"ಹಾಗೆ ಬರೆದ್ರೆ ಯಾವ ಕಾಲೇಜಲ್ಲೂ ಸೇರಿಸ್ಕೊಳ್ಳಲ್ಲ ಸಾರ್."

"ಅದು ಕಾಲೇಜಿನವರ ತಲೆನೋವು," ಎಂದು ಅವರು ಭಾಷಣದ ತಾಲೀಮಿಗೆ ಹೊರಟೇಬಿಟ್ಟರು.

ಸೀಲಮ್ಮ ಡಬ್ಬಿ ಕೆಳಗಿಟ್ಟು ಬೀಗ ತೆಗೆದಳು. ಚೀಟಿಗಳು ಒತ್ತಿಕೊಂಡು ಇಟ್ಟಿಗೆಯಾಗಿದ್ದವು. 'ಟಾಯ್ಲೆಟ್ ಎಲ್ಲಿ ಅಂತ ಕೇಳೋಕೆ ನಾಚಿಕೆ.' 'ಗಣಿತದ ಮೇಷ್ಟ್ರ ಮೀಸೆ.' 'ಮೈಕಿನ ಭಾಷಣ ದಿನಾ ಇರುತ್ತಾ?' ಇದಕ್ಕೆ ಮಾತ್ರ ಅವಳಿಗೆ ನಗು ಬಂತು. ಪಾಪ ಆ ಮಗು, ಭಯ ಪಟ್ಟಿದ್ದೇನೂ ತಪ್ಪಲ್ಲ.

ತಳದಲ್ಲಿದ್ದ ಒಂದು ಚೀಟಿಯಲ್ಲಿ ದೊಡ್ಡ ದೊಡ್ಡ ಅಕ್ಷರ: 'ನನಗೆ ಬೋರ್ಡು ಕಾಣಲ್ಲ. ಉದ್ದ ಇದ್ದೀನಿ ಅಂತ ಕೊನೇ ಬೆಂಚಿಗೆ ಕೂರಿಸಿದ್ದಾರೆ. ಏನು ಮಾಡಬೇಕು?' ಕೆಳಗೆ ಹೆಸರು. ನಲವತ್ತೊಂದನೇ ನಂಬರಿನವಳದು.

ನಗು ಅಲ್ಲೇ ನಿಂತುಹೋಯಿತು. ಬೀಳ್ಕೊಡುಗೆಯ ತಯಾರಿಗೆ ಬಂದಿದ್ದ ಹುಡುಗಿಯನ್ನು ಅಟೆಂಡರನನ್ನು ಕಳಿಸಿ ಕರೆಸಿದಳು. ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ಹುಡುಗಿ; ಕ್ಲಾಸಿನಲ್ಲಿ ಎಲ್ಲರೂ ಕಂಬ ಎನ್ನುತ್ತಿದ್ದರು.

"ಇವತ್ತು ತಾರೀಖು ಎಷ್ಟೇ? ಎದುರಿಗಿರೋ ಕ್ಯಾಲೆಂಡರ್ ನೋಡಿ ಹೇಳು."

ಹುಡುಗಿ ಕಣ್ಣು ಕಿರಿದು ಮಾಡಿ ಗೋಡೆ ತಡಕಾಡಿದಳು. "ಆ ಬಿಳೀದಾ ಮೇಡಂ? ಕಿಟಕಿ ಅಂದ್ಕೊಂಡಿದ್ದೆ."

ಸೀಲಮ್ಮ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು. "ಪಕ್ಕದವಳ ಪೇಪರ್ ಯಾಕೆ ನೋಡ್ತಿದ್ದೆ?"

"ಉತ್ತರ ನೋಡ್ಲಿಲ್ಲ ಮೇಡಂ, ದೇವ್ರಾಣೆ. ಟೆಸ್ಟಲ್ಲಿ ಪ್ರಶ್ನೆ ಬೋರ್ಡ್ ಮೇಲೆ ಬರೀತಾರಲ್ಲ. ಪ್ರಶ್ನೆ ಏನು ಅಂತ ಅವಳು ಬರ್ಕೊಂಡಿದ್ದು ನೋಡ್ತಿದ್ದೆ."

"ಅದನ್ನ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಪೆಟ್ಟಿಗೆಗೆ ಹೇಳಿದ್ದೆನಲ್ಲ. ಬೇರೆ ಯಾರಿಗೂ ಹೇಳಬಾರದು ಅಂದಿದ್ರು."

"ಅಮ್ಮಂಗೂ ಹೇಳ್ಲಿಲ್ವಾ?"

"ಯಾರಿಗೂ ಅಂದ್ರು. ಉತ್ತರ ಬರುತ್ತೆ ಅಂತ ಕಾಯ್ತಿದ್ದೆ. ಆಮೇಲೆ ಹಾಗೇ ಅಭ್ಯಾಸ ಆಗೋಯ್ತು."

"ಇವತ್ತೇ ಅಮ್ಮನ ಜೊತೆ ಕಣ್ಣಿನ ಡಾಕ್ಟ್ರ ಹತ್ರ ಹೋಗ್ಬೇಕು. ನಾನು ಹೇಳ್ದೆ ಅನ್ನು," ಎಂದು ಹುಡುಗಿಯನ್ನು ಕಳಿಸಿ, ಸೀಲಮ್ಮ ಚೀಟಿ ಹಿಡಿದು ಹೆಡ್‌ಮಾಸ್ಟರರ ಕೋಣೆಗೆ ಹೋದಳು. ಅವರು ಕನ್ನಡಿಯ ಮುಂದೆ ಕೈ ಆಡಿಸುತ್ತಿದ್ದರು.

"ಸಾರ್, ಆ ಹುಡುಗಿ ನಕಲು ಮಾಡಿದ್ದಲ್ಲ. ಕಣ್ಣೇ ಕಾಣಲ್ಲ. ಬಂದ ದಿನವೇ ಬರೆದು ಹಾಕಿದ್ದಾಳೆ, ನೋಡಿ."

ಅವರು ಚೀಟಿಯತ್ತ ತಿರುಗಲೂ ಇಲ್ಲ. "ಈಗ ಏನ್ ಮಾಡೋಕಾಗುತ್ತೆ? ಮುಗಿದೋಯ್ತಲ್ಲ! ಅಂಥದ್ದೆಲ್ಲ ಬೇಡ, ಬೇರೆ ಆರಿಸಿ."

"ಸರ್ಟಿಫಿಕೇಟು?"

"ಒಂದ್ಸಲ ಹೇಳಿದ್ದೀನಲ್ಲ! ನೀವು ಬರೀರಿ, ನಾನು ಸಹಿ ಹಾಕ್ತೀನಿ. ನಿಮಗೆ ಯಾಕೆ ಇಲ್ಲದ ಉಸಾಬರಿ?"

ಸೀಲಮ್ಮ ತನ್ನ ಕುರ್ಚಿಗೆ ಬಂದು ಕೂತಳು. ನೀವು ಬರೀರಿ, ನಾನು ಸಹಿ ಹಾಕ್ತೀನಿ. ಸರಿ ಮಾರಾಯ. ನಡತೆಯ ಕಡೆ ದುಂಡಗೆ 'ಉತ್ತಮ' ಎಂದು ಬರೆದು, ಅಟೆಂಡರ್ ಓಡಿಬಂದು ಇಣುಕುವಂತೆ ಸೀಲು ಕುಟ್ಟಿದಳು. ಒಂಬತ್ತು ಚೀಟಿ ಆರಿಸಿದಳು. ಹತ್ತನೆಯದು ಆರಿಸುವ ಅಗತ್ಯವಿರಲಿಲ್ಲ.

ಶನಿವಾರ ಅತಿಥಿಗಳು ಬಂದರು, ಕ್ಯಾಮೆರಾದವನು ಬಂದ. ಹೆಡ್‌ಮಾಸ್ಟರರು ಒಂದೊಂದೇ ಚೀಟಿ ಬಿಡಿಸಿ, ದನಿ ನಡುಗಿಸಿ ಓದಿದರು. ಹತ್ತನೆಯದಕ್ಕೂ ಅದೇ ನಡುಕ: "ನನಗೆ ಬೋರ್ಡು ಕಾಣಲ್ಲ. ಉದ್ದ ಇದ್ದೀನಿ ಅಂತ ಕೊನೇ ಬೆಂಚಿಗೆ..." ಅಲ್ಲಿ ಒಂದು ಕ್ಷಣ ತಡವರಿಸಿದರು. ನಾಚಿಕೆಯಾಯಿತೇನೋ ಎಂದು ನಂಬುವಷ್ಟು ಪೆದ್ದಿ ಸೀಲಮ್ಮನೂ ಆಗಿದ್ದಳು, ಒಂದು ಕ್ಷಣ.

"ಆದರೆ ಇವತ್ತು!" ಎಂದು ಅವರು ಕೈ ಎತ್ತಿದರು. "ಇವತ್ತು ಆ ಮಗಳು ಇಡೀ ಜಗತ್ತನ್ನೇ ನೋಡುತ್ತಿದ್ದಾಳೆ! ಎಲ್ಲಿದ್ದಾಳೆ? ಬಾ ತಾಯಿ!"

ಚಪ್ಪಾಳೆ ಬಿತ್ತು. ಇಡೀ ಜಗತ್ತನ್ನು ನೋಡುತ್ತಿದ್ದ ಮಗಳು ವೇದಿಕೆಯ ಮೆಟ್ಟಿಲು ಕಾಣದೆ ಎಡವಿದಳು. ಅದಕ್ಕೂ ಚಪ್ಪಾಳೆ. ಸೀಲಮ್ಮ ಪಕ್ಕದಿಂದ ಕಾಗದವನ್ನೂ ಪೆನ್ನನ್ನೂ ಮುಂದೆ ಹಿಡಿದಳು.

"ಸಾರ್, ಇವಳ ಸರ್ಟಿಫಿಕೇಟು. ಎಲ್ಲರ ಮುಂದೆ ನಿಮ್ಮ ಕೈಯಿಂದಲೇ ಕೊಟ್ಬಿಡಿ, ಫೋಟೋನೂ ಚೆನ್ನಾಗಿ ಬರುತ್ತೆ."

ಫೋಟೋ ಎಂದ ಮೇಲೆ ಕೇಳಬೇಕೇ? ಕ್ಯಾಮೆರಾದ ಕಡೆ ನಗುತ್ತಲೇ ಸಹಿ ಬಿತ್ತು. ಎಲ್ಲಿ ಬಿತ್ತೆಂದೂ ಅವರು ನೋಡಲಿಲ್ಲ. ಬರುವ ವರ್ಷ ಇದಕ್ಕಿಂತ ದೊಡ್ಡ ಪೆಟ್ಟಿಗೆ ಮಾಡಿಸುವುದಾಗಿ ಮೈಕಿನಲ್ಲಿ ಘೋಷಿಸಿದರು.

ವೇದಿಕೆಯ ಹಿಂದೆ ಹುಡುಗಿ ಕಾಗದವನ್ನು ಮೂಗಿಗೆ ತಾಗುವಂತೆ ಹಿಡಿದು ಒಂದೊಂದೇ ಅಕ್ಷರ ಓದಿದಳು. ಡಾಕ್ಟರು ಪರೀಕ್ಷೆ ಮಾಡಿದ್ದರು. ಕನ್ನಡಕ ಸೋಮವಾರ ಸಿಗುವುದಿತ್ತು.

"'ಉತ್ತಮ' ಅಂತ ಇದೆ ಮೇಡಂ. ಹಾಗಾದ್ರೆ ನನ್ನ ಚೀಟಿಗೆ ಉತ್ತರ ಬಂತು ಅಂತಾನಾ?"

"ಇದು ಉತ್ತರ ಅಲ್ಲ ಕಣೇ, ಬರೀ ಸೀಲು," ಎಂದಳು ಸೀಲಮ್ಮ. "ಸೋಮವಾರ ಕನ್ನಡಕ ಹಾಕ್ಕೊಂಡು ಆಫೀಸಿಗೆ ಒಂದ್ಸಲ ಬಾ. ಮೂರು ವರ್ಷ ನಿನ್ನ ಚೀಟಿ ಮೇಲೆ ಊಟದ ಡಬ್ಬಿ ಇಟ್ಟೋಳ ಮುಖ ಹೇಗಿದೆ ಅಂತ ಸರಿಯಾಗಿ ನೋಡ್ಕೊಂಡು ಹೋಗು."