ಬೀಜ ಹಡಗು ಹತ್ತಬೇಕು

“ಕುಂಡಿ ಮುಚ್ಕೊಂಡು ಕೆಲಸಾ ಮಾಡಬೇ! ಗಳಿಗಿಗೊಮ್ಮೆ ಹೊರಗ ಬಿಡಾಕ ಇದೇನ್ ನಿಮ್ಮಪ್ಪನ ಹೊಲಾ ಏನ?”

ಬಲೆ ಹೊದಿಸಿದ ನೆಟ್‌ಹೌಸಿನ ಬಾಗಿಲಿಗೆ ಅಡ್ಡ ನಿಂತು ಸಾಹುಕಾರ ಮಹಾಲಿಂಗಪ್ಪ ಒದರಿದ. ಎರಡು ಜೀವದ ಹೇಮಾ ಹೊಟ್ಟೆ ಹಿಡಿದುಕೊಂಡು ಮೆಣಸಿನ ಸಾಲಿಗೆ ಮರಳಿದಳು. ಅತ್ತೆ ಉಡಚವ್ವನ ಕೈಯ ಚಿಮಟ ನಿಂತಿತು. ಮೊಗ್ಗು ಬಿಡಿಸಿ, ಗಂಡುಭಾಗ ಕಿತ್ತು, ಬೇರೆ ತಳಿಯ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ. ಹೊರಗೆ ಹೋಗಿಬಂದವರ ಸೀರೆಗೆ ಕಂಡಕಂಡ ಪರಾಗ ಹತ್ತಿ ಬೀಜ ಕೆಡುತ್ತದೆಂದು ಹೆಂಗಸರನ್ನು ಬಿಡುತ್ತಿರಲಿಲ್ಲ. ಸಾಹುಕಾರ ಮಾತ್ರ ಒಳಗೆ ಹೊರಗೆ ಆಡುತ್ತಲೇ ಇದ್ದ. ಅವನ ಧೋತರಕ್ಕೆ ಏನೂ ಹತ್ತುತ್ತಿರಲಿಲ್ಲ.

“ಒಂದಕ್ಕ ತಡದು ತಡದು ಬೆಂಕಿ ಹಚ್ಚಿದಂಗ ಉರಿತೈತಂತ್ರಿ ಅಕಿಗೆ. ಹಿಂಗಾದ್ರ ಕೂಸಿಗೆ ಕುತ್ತು ಅಂದಾರ ನರ್ಸಬಾಯಿ,” ಎಂದಳು ಉಡಚವ್ವ.

“ಕೂಸು ನಿಮ್ಮ ಕೇರ್ಯಾಗ ಹಡೀರಿ. ನನಗ ಬೀಜ ಬೇಕು.”

ಬದುವಿನ ಮೇಲೆ ನಿನ್ನೆಯಷ್ಟೇ ಎದ್ದ ಪಾಯಖಾನೆ, ಕೀಲಿ ಜಡಿದುಕೊಂಡು ನಿಂತಿತ್ತು. ಚಿಕ್ಕೇರೂರಿನಲ್ಲಿ ಗುಂಡಿ ತೋಡುವವರೆಲ್ಲ ಕೇರಿಯವರೇ; ಈ ಗುಂಡಿಗೆ ಯಾರನ್ನೂ ಕರೆದಿರಲಿಲ್ಲ.

ಸಾಹುಕಾರನ ಮಗ ಚನ್ನೇಶ ಮೊಬೈಲ್ ಹಿಡಿದು ಬಂದ. “ಇವತ್ತ ತಪಾಸಣಿ. ಬೀಜಾ ಒಯ್ಯೋ ದೇಶದ ಜೋಡಿ ಸರ್ಕಾರ ಕರಾರು ಮಾಡೇತಿ. ಆಳಿಗೆ ಪಾಯಖಾನಿ ಇಲ್ಲಂದ್ರ ಬೀಜ ಹಡಗು ಹತ್ತೂದಿಲ್ಲ.”

“ನೋಡಾವ್ರು ಯಾರ್ರಿ?” ಉಡಚವ್ವ ಕೇಳಿದಳು.

ಆ ದೇಶದ ಕಂಪನಿ ತಪಾಸಣೆಯನ್ನು ಬೆಂಗಳೂರಿಗೆ ವಹಿಸಿತ್ತು. ಬೆಂಗಳೂರಿನವರು ಇಷ್ಟು ದೂರ ಬರುವ ತ್ರಾಸು ಬೇಡವೆಂದು ಚನ್ನೇಶನಿಗೇ ವಹಿಸಿದ್ದರು.

“ನಾನ,” ಎಂದ.

“ನಿಮ್ಮನಿ ತಪಾಸಣಿ ನೀವ ಮಾಡ್ಕೊಳ್ಳೂದು! ಚಲೋ ಆತ್ರಿ.”

“ನಗಿಸಬ್ಯಾಡಬೇ ಅತ್ತಿ,” ಹೇಮಾ ಹಲ್ಲು ಕಚ್ಚಿದಳು, “ಇಲ್ಲೇ ಆಗಿಬಿಡತೈತಿ.”

ಚನ್ನೇಶ ಉಡಚವ್ವನನ್ನು ಪಾಯಖಾನೆಯ ಮುಂದೆ ನಿಲ್ಲಿಸಿದ. ಮೊಬೈಲಿನ ಪರದೆಯ ಮೇಲೆ ಆ ಕಂಪನಿಯ ಬಿಳಿ ಹೆಂಗಸೊಬ್ಬಳು ಏನೋ ಕೇಳಿದಳು.

“ಪಾಯಖಾನಿ ಹೆಂಗೈತಿ ಅಂತ ಕೇಳಾಕತ್ತಾಳ.”

“ಕೀಲಿ ತಗದಿಲ್ಲ, ನನ್ನ ಸೊಸಿ ಒಳಗ ಸಾಯಾಕತ್ತಾಳ ಅಂತ ಹೇಳ್ರಿ ಅಕಿಗೆ.”

ಅಷ್ಟುದ್ದದ ಮಾತು ಅವನ ಬಾಯಲ್ಲಿ ಎರಡೇ ನುಡಿಯಾಯಿತು. ಒಂದು ಉಡಚವ್ವನಿಗೆ ತಿಳಿಯಿತು: ಹ್ಯಾಪಿ. ಮೊಮ್ಮಗಳ ಕೇಕಿನ ಮೇಲೆ ಬರೆಸಿದ್ದ ಮಾತು. ಪರದೆಯವಳು ಮೆಚ್ಚಿ ತಲೆಯಾಡಿಸಿದಳು.

ಚನ್ನೇಶ ಕೀಲಿ ತೆಗೆದು ಹೊಸ ಬಕೆಟ್ಟು, ಸೋಪು, ಕೂರುವ ಬೆಳ್ಳನೆಯ ಬೇಸಿನ್ನು ತೋರಿಸಿದ. ಉಡಚವ್ವ ಅವನನ್ನು ಸರಿಸಿ ಒಳಹೊಕ್ಕು, ಬಗ್ಗಿ, ಬೇಸಿನ್ನನ್ನೇ ಎತ್ತಿದಳು. ಗುಂಡಿಯಿಲ್ಲ, ಪೈಪಿಲ್ಲ. ಕೆಳಗೆ ಇನ್ನೂ ಬಾಡದ ಗರಿಕೆ.

“ಇಳಸಲೇ ಹಾದರಗಿತ್ತಿ!” ಮಹಾಲಿಂಗಪ್ಪ ಓಡಿಬಂದ.

ಅವನು ಬಿಟ್ಟುಬಂದ ನೆಟ್‌ಹೌಸಿನ ಬಾಗಿಲಿನಿಂದ ಹೇಮಾ ಹೊರಬಿದ್ದಳು. ಯಾರ ಮುಖವನ್ನೂ ನೋಡದೆ ಬಂದು, ಸೀರೆ ಎತ್ತಿ, ಆ ಗರಿಕೆಯ ಮೇಲೆ ಕುಳಿತಳು. ಉಡಚವ್ವ ಬೇಸಿನ್ನು ಹಿಡಿದೇ ಅವಳಿಗೆ ಅಡ್ಡ ನಿಂತಳು.

“ಈಗ ಹೇಳಲೇ ಚನ್ನ್ಯಾ, ಹ್ಯಾಪಿ ಅಂತ.”

ಮೊಬೈಲಿನೊಳಗಿನ ದನಿ ಏನೋ ಕೇಳುತ್ತಲೇ ಇತ್ತು. ಕರೆ ಕಡಿಯಲು ಚನ್ನೇಶನ ಹೆಬ್ಬೆರಳು ಪರದೆಯ ಮೇಲೆ ತಡವರಿಸುತ್ತಿತ್ತು. ಹೇಮಾ ಇನ್ನೂ ಎದ್ದಿರಲಿಲ್ಲ.